ಆರದ ಪಟ್ಟಿ

ಪುಟ್ಟನಂಜಮ್ಮ ಈ ವರ್ಷ ಇದುವರೆಗೆ ನಲವತ್ತೊಂದು ಸಲ ಸತ್ತಿದ್ದಾಳೆ. ಛತ್ರದಲ್ಲಿ ಪಾತ್ರೆ ತೊಳೆಯುವ ಹೆಂಗಸು, ಮದುವೆಯ ತಿಂಗಳುಗಳಲ್ಲಿ ವಾರಕ್ಕೆ ಎರಡು ಸಲ ಸಾಯುವುದೂ ಉಂಟು. ಮಣಿಕಟ್ಟಿನ ಪಟ್ಟಿಗೆ ನೀರು ಇಳಿಯುತ್ತದೆ, ದೀಪ ಆರುತ್ತದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು, "ನಾ ಹೋದೆ ಕಣಮ್ಮಿ, ಸಾರಿನ ಹಂಡೆ ನೀನೇ ಉಜ್ಕೋ" ಎಂದು ಪಕ್ಕದವಳಿಗೆ ಹೇಳಿ ದೀಪದ ಕಚೇರಿಯ ಸಾಲಿಗೆ ನಡೆಯುತ್ತಾಳೆ.

ನಮ್ಮ ಊರಿನಲ್ಲಿ ಪಟ್ಟಿಯ ದೀಪ ಉರಿಯುತ್ತಿದ್ದರೆ ಮನುಷ್ಯ ಬದುಕಿದ್ದಾನೆ, ಆರಿದ್ದರೆ ಇಲ್ಲ. ನಿಯಮ ಇಷ್ಟೇ. ಹುಟ್ಟಿದ ಹನ್ನೊಂದನೆಯ ದಿನ ತೊಟ್ಟಿಲಿಗೆ ಹಾಕುವಾಗ ಹೆಸರಿನ ಜೊತೆಗೆ ಪಟ್ಟಿಯನ್ನೂ ಕಟ್ಟುತ್ತಾರೆ. ದೀಪ ಆರಿದವರು ಬಸ್ಸು ಹತ್ತುವಂತಿಲ್ಲ, ಪಡಿತರ ಕೇಳುವಂತಿಲ್ಲ, ಸಾಕ್ಷಿ ಹೇಳುವಂತಿಲ್ಲ. ಕಚೇರಿಯ ಕಿಟಕಿಯಲ್ಲಿ ಕೈ ಚಾಚಿ ಮತ್ತೆ ಹಚ್ಚಿಸಿಕೊಳ್ಳುವವರೆಗೆ ಅವರು ಲೆಕ್ಕಕ್ಕಿಲ್ಲ. ಸಾಲಿನಲ್ಲಿ ಯಾವಾಗ ನೋಡಿದರೂ ಒದ್ದೆ ಸೆರಗಿನವರೇ: ಪಾತ್ರೆಯವರು, ಬಟ್ಟೆಯವರು, ನೂಲಿಗೆ ಬಣ್ಣ ಹಾಕುವವರು, ಮೀನಿನವರು, ಮಗುವಿಗೆ ಎರೆಯುತ್ತಾ ಮೈಮರೆತ ಬಾಣಂತಿಯರು. ಆ ಸಾಲಿನಲ್ಲಿ ಒಬ್ಬ ಅಧಿಕಾರಿಯನ್ನೂ ನಾನು ಕಂಡಿಲ್ಲ. ಕೈ ನೀರು ಮುಟ್ಟದಿದ್ದರೆ ಸಾವಿಲ್ಲ.

ಜನ ಹೊಂದಿಕೊಂಡಿದ್ದಾರೆ. ಜನ ಯಾವುದಕ್ಕೆ ಹೊಂದಿಕೊಳ್ಳುವುದಿಲ್ಲ? ಹೆಣ್ಣುಮಕ್ಕಳಿಗೆ ಎಡಗೈ ಮೇಲೆತ್ತಿಕೊಂಡು ಬಲಗೈ ಒಂದರಲ್ಲೇ ತಟ್ಟೆ ತೊಳೆಯುವುದನ್ನು ಕಲಿಸುತ್ತಾರೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿನ್ನುತ್ತಾ, "ಹುಡುಗಿ ಎಷ್ಟು ಸಲ ಹೋಗವ್ಳೆ?" ಎಂದು ವಿಚಾರಿಸುತ್ತಾರೆ. ಕಡಿಮೆ ಸಲ ಎಂದರೆ ಸೋಮಾರಿ, ಹೆಚ್ಚು ಸಲ ಎಂದರೆ ಅಜಾಗರೂಕೆ. ಸಮನ್ಸು ಹಿಡಿದು ಬಂದ ಪೇದೆಯನ್ನು ಕಂಡೊಡನೆ ಕೈಯನ್ನು ಹರವಿಯೊಳಗೆ ಅದ್ದುವ ಗಂಡಸರು ನಮ್ಮ ಬೀದಿಯಲ್ಲೇ ಇಬ್ಬರಿದ್ದಾರೆ.

ನಾನು ಈ ಊರಿಗೆ ಬಂದದ್ದು ಪಟ್ಟಿಗಾಗಿ. ಬಾಗುವ ಸರ್ಕಿಟ್‌ಗಳ ಮೇಲೆ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಓದಿದ್ದೆ. ಮೈಮೇಲೆ ಧರಿಸುವ ಸರ್ಕಿಟ್ ಹಲಗೆ ನೀರನ್ನೂ ತಡೆಯಬೇಕು, ಮೈ ಬಾಗಿದಂತೆ ಬಾಗಲೂ ಬೇಕು. ಇವೆರಡಕ್ಕೂ ಹೊಂದುವುದಿಲ್ಲ. ನೀರು ತಡೆಯುವಂಥ ಗಟ್ಟಿ ಲೇಪ ಹಾಕಿದರೆ ನಾಲ್ಕು ಸಲ ಬಾಗುವಷ್ಟರಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ, ಅಷ್ಟು ಸಾಕು ನೀರಿಗೆ. ಬಾಗುವಂಥ ಮೆತ್ತನೆಯ ಲೇಪ ಹಾಕಿದರೆ ಬಿರುಕಿಲ್ಲದೆಯೇ ಹಬೆ ಒಳಗೆ ನುಸುಳುತ್ತದೆ. ಇದನ್ನು ಸರಿಮಾಡಲು ಕಚೇರಿ ನನ್ನನ್ನು ಕರೆಸಿಕೊಂಡಿತ್ತು. ಮೇಜು, ಬಾನಿ, ಪಟ್ಟಿಯನ್ನು ಹಗಲಿಡೀ ಬಗ್ಗಿಸುತ್ತಲೇ ಇರುವ ಒಂದು ಯಂತ್ರ ಕೊಟ್ಟರು. "ಪಟ್ಟಿ ಮೇಡಂ" ಎಂದು ಹೆಸರೂ ಕೊಟ್ಟರು.

ಮೊದಲ ವಾರವೇ ಯಾರಿಗೂ ಕಟ್ಟದ ಒಂದು ಪಟ್ಟಿ ಬಿಚ್ಚಿ ನೋಡಿದೆ. ಬ್ಯಾಟರಿ, ತಾಮ್ರದ ಎರಡು ಗೆರೆ, ಕಡಲೆಬೇಳೆಯಷ್ಟು ದೀಪ. ಚರ್ಮಕ್ಕೆ ತಾಗುವಂಥದ್ದು, ನಾಡಿ ಹಿಡಿಯುವಂಥದ್ದು ಏನೂ ಇರಲಿಲ್ಲ. ದೀಪಾಧಿಕಾರಿ ಸುಬ್ಬನರಸಯ್ಯನವರ ಬಳಿ ಹೋಗಿ, "ಸಾರ್, ಇದು ಏನನ್ನೂ ಅಳೆಯೋದಿಲ್ಲ" ಎಂದೆ.

ಅವರು ಕನ್ನಡಕ ಒರೆಸುತ್ತಿದ್ದರು. "ಅಳೆಯೋಕೆ ನಾವಿದ್ದೀವಲ್ಲ ಮೇಡಂ. ಅದು ಉರಿದರೆ ಸಾಕು."

"ಹಾಗಾದರೆ ಸತ್ತವರದು ಹೇಗೆ ಆರುತ್ತೆ?"

"ಹೆಣಕ್ಕೆ ಸ್ನಾನ ಮಾಡಿಸಲ್ವೇನ್ರೀ?"

ಅವರ ಮುಖದಲ್ಲಿ ಒಂದಿಷ್ಟೂ ನಾಚಿಕೆ ಇರಲಿಲ್ಲ. ನಿಜ, ಸತ್ತವರಿಗೆ ಎಲ್ಲರೂ ಬಿಸಿನೀರು ಎರೆಯುತ್ತಾರೆ. ನಾಲ್ಕು ತಂಬಿಗೆ ಬೀಳುವಷ್ಟರಲ್ಲಿ ದೀಪ ಆರುತ್ತದೆ. ಮನೆಯವರು ಆಗ ಅಳಲು ಶುರುಮಾಡುತ್ತಾರೆ, ಅದಕ್ಕೆ ಮೊದಲು ಅತ್ತರೆ ಅಪಶಕುನ.

ಹೊನ್ನೇಶನನ್ನು ನಾನು ಮೊದಲು ನೋಡಿದ್ದು ಕಚೇರಿಯ ಸಾಲಿನಲ್ಲಿಯೇ. ಕೆರೆಯ ನೀರುಗಂಟಿ ಅವನು, ಗದ್ದೆಗಳಿಗೆ ನೀರು ಬಿಡುವವನು. ಮುಳುಗಿ ತೂಬಿನ ಬಾಯಿಗೆ ಸಿಕ್ಕಿದ ಜೊಂಡು ಕೀಳುವುದು, ಬಿರಡೆ ಎತ್ತುವುದು, ಇಳಿಸುವುದು ಅವನ ಕೆಲಸ. ಆದ್ದರಿಂದ ದಿನವೂ ಸಾಯುತ್ತಿದ್ದ. "ದಿನಾ ಒಂದ್ಸಲ ಸತ್ತು ಬಂದ್ರೆ ಊಟ ಚೆನ್ನಾಗ್ ಸೇರ್ತದೆ ಮೇಡಂ" ಎಂದು ಹಲ್ಲು ಬಿಡುತ್ತಿದ್ದ. ನನ್ನನ್ನು ಮದುವೆಯಾದ ಮೇಲೂ ಮೇಡಂ ಎನ್ನುವುದನ್ನು ಬಿಡಲಿಲ್ಲ.

ಮದುವೆಯಾದ ಮೇಲೆ ನನಗೆ ತೊಂದರೆಯಾದದ್ದು ಮಧ್ಯಾಹ್ನದ ಊಟದಲ್ಲಿ. ನಾನು ಬಡಿಸಿಕೊಂಡು ಕಾಯುತ್ತಿದ್ದೆ, ಅವನು ಕಿಟಕಿಯ ಸಾಲಿನಲ್ಲಿ ನಿಂತಿರುತ್ತಿದ್ದ. ಸಾರು ಮೂರು ಸಲ ಬಿಸಿಯಾಗಿ ಕಹಿಯಾಗುತ್ತಿತ್ತು. ಆ ಸಾರಿಗೋಸ್ಕರ ನಾನು ಆ ಪಟ್ಟಿ ಮಾಡಿದೆ. ವಿದ್ಯೆಗಾಗಿ ಅಲ್ಲ, ಊರಿಗಾಗಿಯಂತೂ ಅಲ್ಲವೇ ಅಲ್ಲ.

ಗಟ್ಟಿ ಲೇಪ ಒಂದು ಪದರ, ಮೆತ್ತನೆಯದು ಒಂದು ಪದರ, ಹೀಗೆ ಈರುಳ್ಳಿಯಂತೆ ಒಂಬತ್ತು. ಒಂದರ ಬಿರುಕು ಇನ್ನೊಂದರಲ್ಲಿ ಸಾಯಬೇಕು. ತಾಮ್ರದ ಗೆರೆಗಳನ್ನು ನೇರವಾಗಿ ಎಳೆಯದೆ ಹಾವಿನಂತೆ ಹರಿಸಿದೆ, ಜಗ್ಗಿದರೆ ನೆಟ್ಟಗಾಗಬೇಕು, ತುಂಡಾಗಬಾರದು. ಅವನ್ನು ಪದರಗಳ ನಟ್ಟನಡುವೆ ಇಟ್ಟೆ. ಒಂದು ನೋಟ್‌ಬುಕ್ಕನ್ನು ಬಾಗಿಸಿದರೆ ಹೊರಗಿನ ಹಾಳೆ ಜಗ್ಗುತ್ತದೆ, ಒಳಗಿನದು ಮುದುಡುತ್ತದೆ, ನಡುವಿನ ಹಾಳೆಗೆ ಏನೂ ಗೊತ್ತಾಗುವುದಿಲ್ಲ. ಯಂತ್ರ ಅದನ್ನು ನೀರಿನೊಳಗೆ ಎರಡು ಲಕ್ಷ ಸಲ ಬಗ್ಗಿಸಿತು. ಯಂತ್ರದ ಕೀಲು ಸವೆಯಿತು, ದೀಪ ಉರಿಯುತ್ತಲೇ ಇತ್ತು.

ಸುಬ್ಬನರಸಯ್ಯನವರಿಗೆ ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ ವಾಪಸ್ಸು ಕೊಟ್ಟರು. "ಎಲ್ಲಾರ್ದೂ ಆರದೆ ಉರೀತಾ ಕೂತ್ರೆ ಕಚೇರಿ ಯಾಕ್ರೀ ಬೇಕು? ನಿಮ್ಮ ಯಜಮಾನರಿಗೆ ಕಟ್ಟಿ. ಯಾರಿಗೂ ಹೇಳ್ಬೇಡಿ."

ಅವನ ಹಳೆಯದು ಆರಿದ್ದಾಗ ಬಿಚ್ಚಿ, ಇದನ್ನು ಕಟ್ಟಿದೆ. ಅವನು ಊಟದ ಹೊತ್ತಿಗೆ ಸರಿಯಾಗಿ ಬರತೊಡಗಿದ. ಹದಿನಾಲ್ಕು ತಿಂಗಳು.

ಅವತ್ತು ಬೆಳಿಗ್ಗೆ ಒಂಬತ್ತಕ್ಕೆ ಮುಳುಗಿದ. ತೂಬಿನ ಬಾಯಲ್ಲಿ ಜೊಂಡಿನ ಜೊತೆಗೆ ಯಾರದೋ ಹರಿದ ಬಲೆ ಸಿಕ್ಕಿಕೊಂಡಿತ್ತು, ಅವನ ಕಾಲು ಅದಕ್ಕೆ ಸಿಕ್ಕಿತು. ಇದು ಆಮೇಲೆ ಗೊತ್ತಾದದ್ದು. ಕೆರೆ ಏರಿಯ ಮೇಲೆ ಏಳೆಂಟು ಜನರಿದ್ದರು, ಅವರಲ್ಲಿ ಈಜು ಬಾರದವನು ಒಬ್ಬನೂ ಇರಲಿಲ್ಲ. ಹಸಿರು ನೀರಿನ ಕೆಳಗೆ ದೀಪ ಸ್ಪಷ್ಟವಾಗಿ ಕಾಣುತ್ತಿತ್ತು. "ಉರೀತಾ ಐತಲ್ಲ, ಏನೂ ಆಗಿಲ್ಲ ಬುಡು" ಎಂದು ಕಡಲೆಕಾಯಿ ಸುಲಿಯುತ್ತಾ ಕೂತರು. ಹತ್ತು ನಿಮಿಷವಾದ ಮೇಲೆ ಒಬ್ಬ, "ಎಂಥಾ ದಮ್ಮು ನೋಡ್ಲಾ ಅವ್ನಿಗೆ" ಎಂದನಂತೆ. ಇನ್ನೊಬ್ಬ ನನಗೆ ಹೇಳಿಕಳಿಸಿದ. ಹೆದರಿಕೆಯಿಂದಲ್ಲ, ನೋಡಲು ಬನ್ನಿ ಎಂದು.

ಅವನನ್ನು ಮೇಲೆ ತಂದಾಗ ಹತ್ತು ಗಂಟೆಯಾಗಿತ್ತು. ಮನೆಗೆ ತಂದು ನೀರೆರೆದೆವು. ನಾಲ್ಕು ತಂಬಿಗೆ, ಹತ್ತು ತಂಬಿಗೆ, ಒಂದು ಹಂಡೆ. ಬೀದಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ಅಳಲು ಸಿದ್ಧರಾಗಿ ನಿಂತಿದ್ದರು. ಎರಡನೆಯ ಹಂಡೆ ಮುಗಿಯುವ ಹೊತ್ತಿಗೆ ಒಬ್ಬೊಬ್ಬರೇ ಜಾರಿಕೊಂಡರು, ಒಲೆಯ ಮೇಲೆ ಏನೋ ಇಟ್ಟು ಬಂದಿದ್ದವರಂತೆ. ಉರಿಯುವ ದೀಪದೆದುರು ಅಳುವಂತಿಲ್ಲ. ಪುಟ್ಟನಂಜಮ್ಮ ಮಾತ್ರ ಉಳಿದಳು. ನಮ್ಮ ಮನೆಗೂ ಅವಳ ಮನೆಗೂ ಒಂದೇ ಗೋಡೆ.

ಸುಡುಗಾಡಿನಲ್ಲಿ ಉರಿಯುವ ದೀಪದವರನ್ನು ಸೇರಿಸುವುದಿಲ್ಲ. ಉರಿಯುವ ಪಟ್ಟಿಯನ್ನು ಕತ್ತರಿಸಿದರೆ, ಜಜ್ಜಿದರೆ, ಬಿಚ್ಚಿದರೆ ಕೊಲೆ. ನಾನು ಅರ್ಜಿ ಬರೆದುಕೊಂಡು ಕಚೇರಿಗೆ ಹೋದೆ.

ಸುಬ್ಬನರಸಯ್ಯ ಎದ್ದು ನಿಂತು ಕುರ್ಚಿ ತೋರಿಸಿದರು. ಕಾಫಿ ತರಿಸಿದರು. ಅರ್ಜಿಯನ್ನು ಎರಡು ಸಲ ಓದಿದರು.

"ನಿಮ್ಮ ಯಜಮಾನರು ಬದುಕಿದ್ದಾರಲ್ಲ ಮೇಡಂ."

"ಉಸಿರಿಲ್ಲ ಸಾರ್."

"ಉಸಿರಿನ ಕಾಲಮ್ಮು ನಮ್ಮಲ್ಲಿಲ್ಲ."

"ಒಂದು ಗಂಟೆ ನೀರಿನಲ್ಲಿದ್ದರು. ನಿಮಗೆ ಗೊತ್ತು ಆ ಪಟ್ಟಿ ಏನು ಅಂತ. ನಿಮಗೇ ತೋರಿಸಿದ್ದೆ."

"ನನಗೆ ಗೊತ್ತಿರೋದು ಬೇರೆ, ಕಚೇರಿಗೆ ಗೊತ್ತಿರೋದು ಬೇರೆ. ಅಷ್ಟು ಚೆನ್ನಾಗಿ ಮಾಡ್ಬಾರ್ದಿತ್ತು ನೀವು." ಅವರ ದನಿಯಲ್ಲಿ ನಿಜವಾದ ಮರುಕವಿತ್ತು, ಅದೇ ಹೇಸಿಗೆ. "ಕಾಯಿರಿ. ಬ್ಯಾಟರಿ ಎಷ್ಟು ದಿನ ಬರುತ್ತೆ?"

"ಒಂಬತ್ತು ವರ್ಷ."

ಅವರು ಕಾಫಿಯ ಲೋಟವನ್ನು ನನ್ನತ್ತ ಸರಿಸಿದರು. ಕೆನೆ ಕಟ್ಟಿತ್ತು. ಎದ್ದು ಬಂದೆ.

ಮೊಹಿದ್ದೀನ್ ಸಾಬರ ಮಂಜುಗಡ್ಡೆ ಮನೆ ಮೀನುಪೇಟೆಯ ಕೊನೆಗಿದೆ. ಹೊನ್ನೇಶನನ್ನು ಅಲ್ಲಿಗೆ ತಂದೆವು. "ಒಳಗ್ ಮಲಗ್ಸಮ್ಮಾ. ಮೀನ್ ಹಾಳಾದ್ರೆ ನಾಳೆ ಬೇರೆ ಮೀನ್ ಬರ್ತದೆ" ಎಂದರು. ಅವರದೇ ಪಟ್ಟಿಯ ದೀಪ ಆರಿ ಎರಡು ವರ್ಷವಾಗಿದೆ. ಮಂಜಿನ ಕೆಲಸದವರಿಗೆ ಹಚ್ಚಿಸಿಕೊಂಡು ಪ್ರಯೋಜನವಿಲ್ಲವೆಂದು ಕೈಬಿಟ್ಟಿದ್ದರು. ಬಸ್ಸಿನ ಬದಲು ಸೈಕಲ್ಲು.

ಮೊದಲ ದಿನ ಸುಮ್ಮನೆ ಕೂತಿದ್ದೆ. ನನ್ನ ಕೈಯಿಂದಲೇ ಮಾಡಿದ ಪಟ್ಟಿ, ನೋಡುತ್ತಿದ್ದೆ. ಎರಡು ಲಕ್ಷ ಸಲ. ಆದರೆ ಯಂತ್ರ ಬಗ್ಗಿಸಿದ್ದು ಒಳಮುಖವಾಗಿ, ಕೆಲಸ ಮಾಡುವ ಕೈ ಬಾಗುವ ಕಡೆಗೆ. ಹಿಮ್ಮುಖವಾಗಿ ಪೂರ್ತಿ ಬಗ್ಗಿಸಿ ನಾನು ಪರೀಕ್ಷಿಸಿರಲಿಲ್ಲ, ಹಾಗೆ ಯಾರೂ ಕೈ ಬಾಗಿಸುವುದಿಲ್ಲ. ಜೊತೆಗೆ ಬ್ಯಾಟರಿಯ ಗಟ್ಟಿ ಬಿಲ್ಲೆ ಮೆತ್ತನೆಯ ಹಾಳೆಗೆ ಕೂಡುವ ಅಂಚು ಒಂದಿತ್ತು. ಗಟ್ಟಿಯದು ಮೆತ್ತನೆಯದನ್ನು ಸೇರುವ ಕಡೆಯೇ ಯಾವಾಗಲೂ ಬಿಡುವುದು. ಅಲ್ಲಿ ಒಂಬತ್ತರ ಬದಲು ಎಂಟೇ ಪದರ ಹಾಕಿದ್ದೆ. ಅವತ್ತು ಅವನು, "ಮೇಡಂ, ಹೊಟ್ಟೆ ಚುರುಗುಟ್ತದೆ, ನಾಳೆ ಮಾಡಿ" ಎಂದು ಬಾಗಿಲಲ್ಲಿ ನಿಂತಿದ್ದ. ನಾಳೆ ಮರೆತೆ.

ಕತ್ತರಿಸುವುದು ಕೊಲೆ. ಗಂಡನ ಕೈ ಹಿಡಿದು ಆಡಿಸುವುದು ಕಾನೂನಿನ ಯಾವ ಕಲಮಿಗೂ ಬರುವುದಿಲ್ಲ.

ಎರಡನೆಯ ದಿನ ಬೆಳಿಗ್ಗೆ ಮೀನಿಗೆ ಹಾಕುವ ಉಪ್ಪನ್ನು ಬಾನಿಯಲ್ಲಿ ಕದಡಿ, ಅವನ ಕೈಯನ್ನು ಮಂಜಿನಿಂದ ಹೊರಗೆ ತೆಗೆದು ಅದರಲ್ಲಿ ಮುಳುಗಿಸಿದೆ. ಕೈ ಮರದ ತುಂಡಿನಂತಿತ್ತು, ಬಗ್ಗಲಿಲ್ಲ. ಬಾಗದ ಪಟ್ಟಿ ಬಿರುಕು ಬಿಡುವುದಿಲ್ಲ, ಸುಮ್ಮನೆ ಬಿಟ್ಟಿದ್ದರೆ ಒಂಬತ್ತು ವರ್ಷ ಬದುಕಿರುತ್ತಿದ್ದ. ಬಿಸಿನೀರು ಬೆರೆಸಿ ಬೆರೆಸಿ ಮಧ್ಯಾಹ್ನದ ಹೊತ್ತಿಗೆ ಸಡಿಲವಾಯಿತು. ಬೆರಳುಗಳನ್ನು ಹಿಡಿದು ಹಿಂದಕ್ಕೆ ಬಗ್ಗಿಸಿದೆ, ಬಿಟ್ಟೆ. ಬಗ್ಗಿಸಿದೆ, ಬಿಟ್ಟೆ. ದೂರದಿಂದ ನೋಡಿದವರಿಗೆ ಅವನು ಯಾರನ್ನೋ ತಡೆಯುತ್ತಿರುವಂತೆ ಕಂಡಿರಬೇಕು.

ಪುಟ್ಟನಂಜಮ್ಮ ಬುತ್ತಿ ತಂದಳು. ಮಂಜಿನ ಚೀಲದ ಮೇಲೆ ಕೂತು ನೋಡಿದಳು. "ಎಷ್ಟಾಯ್ತು?"

"ಸಾವಿರದ ಇನ್ನೂರು."

"ನೀ ಬಗ್ಸು, ನಾ ಎಣಿಸ್ತೀನಿ." ಅವಳಿಗೆ ನೂರರ ಮೇಲೆ ಎಣಿಕೆ ಬಾರದು. ನೂರಾದಾಗಲೆಲ್ಲ ಒಂದು ಮೀನನ್ನು ಈ ಬುಟ್ಟಿಯಿಂದ ಆ ಬುಟ್ಟಿಗೆ ಹಾಕಿದಳು. ಮೊಹಿದ್ದೀನ್ ಸಾಬರು ಒಂದು ಸಲ ಬಂದು ಮೀನು ಲೆಕ್ಕಹಾಕಿ ಹೋದರು.

ಮೂರನೆಯ ದಿನ, ಐವತ್ತೆಂಟು ಮೀನಿನ ಹೊತ್ತಿಗೆ, ಅವಳು ಎಣಿಕೆ ನಿಲ್ಲಿಸಿದಳು. "ಅಯ್ಯೋ, ನೀನೇ ಹೋದ್ಯಲ್ಲವ್ವ."

ನನ್ನ ಪಟ್ಟಿಯ ದೀಪ ಆರಿತ್ತು. ಅವನ ಮಣಿಕಟ್ಟು ಎಷ್ಟು ಸಲ ಬಾಗಿತ್ತೋ ನನ್ನದೂ ಅಷ್ಟು ಸಲ ಬಾಗಿತ್ತು, ಅದೇ ಉಪ್ಪುನೀರಿನಲ್ಲಿ. ನನ್ನದು ಕಚೇರಿಯ ಪಟ್ಟಿ. ಅದು ಎರಡು ದಿನ ತಾಳಿದ್ದೇ ಹೆಚ್ಚು. ಊರಿಗೆಲ್ಲ ಪಟ್ಟಿ ಪರೀಕ್ಷೆ ಮಾಡುವವಳು ನನಗೆಂದು ಒಂದು ಮಾಡಿಕೊಂಡಿರಲಿಲ್ಲ.

"ಹೋಗಿ ಹಚ್ಚಿಸ್ಕೊಂಡ್ ಬಾ, ನಾ ಬಗ್ಸ್ತಿರ್ತೀನಿ" ಎಂದಳು. "ನೀ ಹೋಗ್ಬಿಟ್ರೆ ನಿನ್ನ ಅರ್ಜಿ ನಡೆಯಾಕಿಲ್ಲ."

"ಅರ್ಜಿ ಮೊದಲೂ ನಡೀಲಿಲ್ಲ."

"ಅದೂ ಸರಿಯೇ." ಮೀನೊಂದನ್ನು ಎತ್ತಿ ಹಾಕಿದಳು. "ಅಳು ಬಂದ್ರೆ ಅತ್ಬುಡವ್ವ, ನಾನ್ಯಾರ್ಗೂ ಯೋಳಾಕಿಲ್ಲ" ಎಂದಳು.

ಅಳು ಬರಲಿಲ್ಲ. ಮಾತು ಬಂತು. "ನಂಜಮ್ಮಾ, ಅವತ್ತು ನಾನು ಏರಿ ಹತ್ತಿದಾಗ ದೀಪ ಕಾಣಿಸ್ತು. ನೀರಲ್ಲಿ, ಕೆಳಗೆ. ಅವರೆಲ್ಲ, 'ನೋಡಿ ಮೇಡಂ, ಉರೀತಾ ಐತೆ' ಅಂದ್ರು. ನಾನೂ, 'ಹೌದು, ಉರೀತಾ ಇದೆ' ಅಂದೆ. ನಾನೇ ಮಾಡಿದ್ದು ಅಂತ ಹೆಮ್ಮೆಯೂ ಆಯ್ತು. ಅದು ಏನನ್ನೂ ಅಳೆಯೋದಿಲ್ಲ ಅಂತ ಗೊತ್ತಿದ್ದವಳು ಊರಿಗೆಲ್ಲ ನಾನೊಬ್ಬಳೇ. ನಿಂತು ನೋಡ್ತಿದ್ದೆ. ನಾಲ್ಕು ನಿಮಿಷ. ಆಮೇಲೆ ಕೂಗಿದೆ."

ಪುಟ್ಟನಂಜಮ್ಮ ಸಮಾಧಾನ ಹೇಳಲಿಲ್ಲ. ಅದಕ್ಕಾಗಿ ಅವಳ ಬಗ್ಗೆ ನನಗೆ ಗೌರವ. "ಬಗ್ಸು" ಎಂದಳು. "ನಿಂತೋಯ್ತು ನಿನ್ ಕೈ."

ಈ ಊರಿನ ಬಗ್ಗೆ ನಾನು ಹೇಳುವ ಒಂದೊಂದು ಕೆಟ್ಟ ಮಾತೂ ಆ ನಾಲ್ಕು ನಿಮಿಷ ನಿಂತು ನೋಡಿದ ನನಗೇ ಮೊದಲು ಸಲ್ಲುವುದು. ಕಡಲೆಕಾಯಿ ಸುಲಿದವರಿಗೆ ಯಾರೂ ಏನೂ ಕಲಿಸಿರಲಿಲ್ಲ. ನನಗೆ ವಿಶ್ವವಿದ್ಯಾಲಯದಲ್ಲಿ ಚಿನ್ನದ ಪದಕ ಕೊಟ್ಟಿದ್ದರು.

ತೊಂಬತ್ತಮೂರನೆಯ ಮೀನು ಅವಳ ಕೈಯಲ್ಲಿದ್ದಾಗ ಅವನ ದೀಪ ಒಂದು ಸಲ ಮಿನುಗಿತು. ಇನ್ನೂ ಹತ್ತು ಸಲ ಬಗ್ಗಿಸಿದೆ. ಆರಿತು. ಎಂಟು ಪದರದ ಅಂಚಿನಲ್ಲಿ ಕೂದಲಿನಷ್ಟು ಹಸಿರು ಗೆರೆ ಕಾಣಿಸಿಕೊಂಡಿತು, ತಾಮ್ರಕ್ಕೆ ಉಪ್ಪು ಹಿಡಿದಿತ್ತು. ನಾನು ಮತ್ತೆ ಬಗ್ಗಿಸಿದೆ. ಮತ್ತೆ. ಪುಟ್ಟನಂಜಮ್ಮ ನನ್ನ ಬೆರಳುಗಳನ್ನು ಅವನ ಬೆರಳುಗಳಿಂದ ಒಂದೊಂದಾಗಿ ಬಿಡಿಸಬೇಕಾಯಿತು.

ಮೊಹಿದ್ದೀನ್ ಸಾಬರ ಮೀನಿನ ಗಾಡಿಯಲ್ಲಿಯೇ ಸುಡುಗಾಡಿಗೆ ಹೋದೆವು. ಕಾಯುವವನ ಹೆಸರು ಬೋರಲಿಂಗ. ಅವನು ಹೊನ್ನೇಶನ ಮಣಿಕಟ್ಟು ಎತ್ತಿ ನೋಡಿದ. ಆಮೇಲೆ ನನ್ನದು ನೋಡಿದ. ಪುಟ್ಟನಂಜಮ್ಮನದು ನೋಡಿದ, ಅವಳೂ ಅವತ್ತು ಬೆಳಿಗ್ಗೆ ಛತ್ರದಲ್ಲಿ ಸತ್ತು ನೇರ ಬಂದಿದ್ದಳು. ಸಾಬರದು ನೋಡಿದ. ಗಾಡಿ ಸುತ್ತ ಒಂದು ಸುತ್ತು ಹಾಕಿದ.

"ಇದ್ರಾಗೆ ಸುಡಬೇಕಾದ್ದು ಯಾವ್ದು?"

"ಮಲಗವ್ನಲ್ಲ, ಅದು ಕಣೋ" ಎಂದಳು ಪುಟ್ಟನಂಜಮ್ಮ.

"ಕೊಳ್ಳಿ ಇಡೋರು?"

"ನಾನು" ಎಂದೆ.

"ಇಡೋರ್ದು ಉರೀತಿರ್ಬೇಕಲ್ಲವ್ವ. ಗಂಡಸರೂ ಆಗಿರ್ಬೇಕು." ಕತ್ತು ಕೆರೆದುಕೊಂಡ. ಬೆಂಕಿಯ ಪಕ್ಕದ ಕೆಲಸ, ಅವನ ಪಟ್ಟಿ ಒಮ್ಮೆಯೂ ಆರಿದ್ದಿಲ್ಲ, ಒಣಗಿ ಗರಿಗರಿಯಾಗಿತ್ತು. ನಮ್ಮ ನಾಲ್ವರಲ್ಲಿ ಒಬ್ಬರೂ ಬದುಕಿರಲಿಲ್ಲ. ಅವನು ಅದನ್ನೇ ಯೋಚಿಸುತ್ತಾ ಸೌದೆ ಜೋಡಿಸಿದ. ಜೋಡಿಸಿ ಮುಗಿಸಿ, ಕೊಳ್ಳಿಯನ್ನು ನನ್ನ ಕೈಗೆ ಕೊಟ್ಟು, "ನಾ ಕಂಡಂಗೆ ಇಲ್ಲಿ ನನ್ನ ಬುಟ್ಟು ಯಾರೂ ಇಲ್ಲ. ಇಲ್ದಿರೋರು ಏನ್ ಮಾಡುದ್ರೋ ನಂಗೇನ್ ಗೊತ್ತು" ಎಂದು ಬೀಡಿ ಹಚ್ಚಿಕೊಂಡು ಬೇಲಿಯ ಕಡೆ ನಡೆದ.

ನಾನು ಇಟ್ಟೆ. ಕಟ್ಟಿಗೆ ಹಸಿಯಾಗಿತ್ತು, ಹತ್ತಲು ಹೊತ್ತಾಯಿತು. ಪಟ್ಟಿ ಕೊನೆಗೆ ಕರಗಿತು. ಒಳ್ಳೆಯ ಲೇಪ.

ಅದಾದ ಮೇಲೆ ನನ್ನ ದೀಪವನ್ನು ಹಚ್ಚಿಸಿಕೊಳ್ಳಲು ನಾನು ಹೋಗಿಲ್ಲ. ಬಸ್ಸು ಬೇಕಾಗಿಲ್ಲ. ಪಡಿತರವನ್ನು ಪುಟ್ಟನಂಜಮ್ಮ ತಾನು ಬದುಕಿರುವ ದಿನಗಳಲ್ಲಿ ತನ್ನ ಜೊತೆಗೆ ತರುತ್ತಾಳೆ. ಕಚೇರಿಯವರು ನನ್ನ ಮೇಜು, ಬಾನಿ, ಬಗ್ಗಿಸುವ ಯಂತ್ರವನ್ನು ಮೃತಳ ಸಾಮಾನೆಂದು ಮನೆಗೆ ಸಾಗಿಸಿದರು. ಮಧ್ಯಾಹ್ನ ಸಾರು ಒಂದೇ ಸಲ ಬಿಸಿ ಮಾಡುತ್ತೇನೆ.

ಹೋದ ತಿಂಗಳು ಸುಬ್ಬನರಸಯ್ಯ ಮನೆಗೆ ಬಂದರು. ಅಧಿಕಾರಿಯಾದವರು ದೀಪ ಆರಿದವಳ ಜೊತೆ ಮಾತಾಡುವಂತಿಲ್ಲ. ಆದ್ದರಿಂದ ಜಗಲಿಯಲ್ಲಿ ಕೂತು, ನಾನು ಎದುರಿಗೇ ಇದ್ದರೂ, ಅವತ್ತು ಬದುಕಿದ್ದ ಪುಟ್ಟನಂಜಮ್ಮನ ಕಡೆ ತಿರುಗಿ ಮಾತಾಡಿದರು. ಕಂಕುಳಲ್ಲಿ ಹೊಸ ಪಟ್ಟಿಯೊಂದು, ಜರಿಯ ಅಂಚಿನ ವಸ್ತ್ರದಲ್ಲಿ ಸುತ್ತಿತ್ತು.

"ನೋಡಮ್ಮ, ಪಟ್ಟಿ ಮೇಡಂ ಇದ್ದಿದ್ದರೆ ಒಂದು ಕೆಲಸ ಕೇಳೋಣ ಅಂತಿದ್ದೆ. ನನಗೆ ಅರವತ್ತಾಗ್ತಾ ಬಂತು. ಈ ನಡುವೆ ಕೈ ಬೆವರುತ್ತೆ, ದೀಪ ಎರಡು ಸಲ ಮಿನುಗಿತು. ಆ ಸಾಲಿನಲ್ಲಿ ನಾನು ನಿಲ್ಲೋಕಾಗುತ್ತಾ? ಹೊನ್ನೇಶಂಗೆ ಹಾಕಿದ್ರಲ್ಲ, ಆ ಥರದ್ದು."

"ಅದು ಆರಾಕಿಲ್ಲ ಬುದ್ಧಿ" ಎಂದಳು ಪುಟ್ಟನಂಜಮ್ಮ. "ಆಮೇಲೆ ನಿಮ್ಗೇ ಕಷ್ಟ ಆಯ್ತದೆ."

"ಆರಬಾರದು ಅಂತಲೇ ಅಲ್ಲವೇ ನಾನು ಬಂದಿರೋದು!" ಎಂದು ನಕ್ಕರು. ಅರ್ಥವಾಗದೆ ನಕ್ಕದ್ದಲ್ಲ. ಕಚೇರಿಗೆ ಬರುವ ಯಾವ ಕಷ್ಟವೂ ತನಗೆ ಬರದು ಎಂದು ಅರವತ್ತು ವರ್ಷ ನಂಬಿದ ನಗು.

ನಾನು ಕೈ ಚಾಚಿದೆ. ಪಟ್ಟಿಯನ್ನು ಜಗಲಿಯ ಮೇಲೆ ಇಟ್ಟು, ನನ್ನನ್ನು ನೋಡದೆ, ಎದ್ದು ಹೋದರು.

ಹನ್ನೆರಡು ದಿನ ಹಿಡಿಯಿತು. ಗಟ್ಟಿ ಒಂದು, ಮೆತ್ತಗೆ ಒಂದು. ಹಾವಿನ ಗೆರೆ ಸರಿಯಾಗಿ ನಡುವೆ. ಈ ಸಲ ಹಿಮ್ಮುಖವಾಗಿಯೂ ಬಗ್ಗಿಸಿ ನೋಡಿದೆ, ಉಪ್ಪುನೀರಿನಲ್ಲಿ, ಎರಡು ಲಕ್ಷ ಸಲ. ಬಾಗಿಲಲ್ಲಿ ಹಸಿದು ನಿಂತವರು ಯಾರೂ ಇರಲಿಲ್ಲ. ಬಿಲ್ಲೆಯ ಅಂಚಿಗೂ ಒಂಬತ್ತನೆಯ ಪದರ ಹಾಕಿದೆ.